ಕುರ್ಚಿ ಮೇಲಿನ ಕರ್ಚೀಫು

ಬಿಸ್ಕತ್ತು ತಿನ್ನೋದಕ್ಕೇ ಸಂಬಳ ಕೊಡುತ್ತಾರೆ ಅಂದರೆ ಯಾರು ತಾನೇ ನಂಬುತ್ತಾರೆ? ಆದರೂ ಕೊಡುತ್ತಾರೆ ಸ್ವಾಮಿ. ಆ ಕಾರ್ಖಾನೆಯಲ್ಲಿ ಒಲೆಯಿಂದ ಇಳಿದ ಪ್ರತಿ ಸರಕನ್ನೂ ಇಬ್ಬರು ಹೆಂಗಸರು ಕಚ್ಚಿ, ಅಗಿದು, ಉಗಿದು, ಬಾಯಿ ಮುಕ್ಕಳಿಸಿ 'ಸರಿ' ಅನ್ನಬೇಕು. ಆಮೇಲೇ ಪ್ಯಾಕಿಂಗು. ಹಿರಿಯಳಿಗೆ ಅಲ್ಲಿಯವರು ಇಟ್ಟ ಹೆಸರು ದೊಡ್ಡನಾಲಿಗೆ, ಕಿರಿಯಳಿಗೆ ಕಿರುನಾಲಿಗೆ. ಎದುರಿಗೆ ಮಾತ್ರ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಅಂತಲೇ ಕರೆಯುತ್ತಿದ್ದರು. ಆ ಬಾಯಿಗೆ ಹೆದರದವರು ಯಾರಿದ್ದರು?

ಇಂಥ ಕೆಲಸದಲ್ಲಿದ್ದ ಕಿರುನಾಲಿಗೆ ಬಸುರಿಯಾದಳು. ಮನೆಯಲ್ಲಿ ಗಂಡ, ತಾಯಿ ಇಬ್ಬರಿಗೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಮಾತ್ರ ಅವಳು ತುಟಿಪಿಟಕ್ಕೆನ್ನಲಿಲ್ಲ. ಹಿಂದೊಮ್ಮೆ ಪ್ಯಾಕಿಂಗಿನವಳೊಬ್ಬಳು ಹೆರಿಗೆಗೆ ಹೋದವಳು ವಾಪಸು ಬಂದಿರಲಿಲ್ಲ. 'ಬಸುರಿ ಅಂತ ಗೊತ್ತಾದರೆ ಮನೆಗೆ ಕಳಿಸಿಬಿಡ್ತಾರೆ' ಅಂತ ಯಾರೋ ಅಂದರು, ಅದು ಬಾಯಿಂದ ಬಾಯಿಗೆ ಹೋಗಿ ವೇದವಾಕ್ಯವೇ ಆಗಿಬಿಟ್ಟಿತು. ಗಂಡನದು ಗೋಡೆಗೆ ಬಣ್ಣ ಹೊಡೆಯುವ ಕೆಲಸ, ಸಿಕ್ಕರೆ ಉಂಟು ಇಲ್ಲದಿದ್ದರೆ ಇಲ್ಲ. ಆ ಮನೆ ನಡೆಯುತ್ತಿದ್ದದ್ದು ಇವಳ ನಾಲಿಗೆಯಿಂದ. ಹೇಳಿದರೆ ಕೆಲಸ ಹೋದೀತು, ಹೇಳದಿದ್ದರೆ ಹೊಟ್ಟೆ ನಿಲ್ಲುತ್ತದೆಯೇ? ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಹಾಗಾದಳು.

ಸಾಲದ್ದಕ್ಕೆ ನಾಲಿಗೆಯೇ ಕೈಕೊಟ್ಟಿತು. ಕುಡಿಯುವ ನೀರೂ ತುಕ್ಕಿನ ರುಚಿ. ದೊಡ್ಡಮ್ಮ ಪಕ್ಕದಲ್ಲಿದ್ದಷ್ಟು ದಿನ ಅವಳು ತಲೆಯಾಡಿಸಿದಂತೆ ತಾನೂ ಆಡಿಸಿ ಹೇಗೋ ನಿಭಾಯಿಸಿದಳು. ಆದರೆ ಒಂದು ದಿನ ದೊಡ್ಡಮ್ಮ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದಳು. ಅವತ್ತು ಬಂದ ಬೆಣ್ಣೆ ಬಿಸ್ಕತ್ತು ಕಿರುನಾಲಿಗೆಗೆ ಬೇವಿಗಿಂತ ಕಹಿಯಾಯಿತು. 'ಬೇಡ, ವಾಪಸು' ಅಂದುಬಿಟ್ಟಳು. ಒಲೆ ಆರಿಸಿದರು, ಹಿಟ್ಟು ನಿಲ್ಲಿಸಿದರು, ಹಿಟ್ಟಿನಿಂದ ಪ್ಯಾಕಿಂಗಿನವರೆಗೆ ಇಡೀ ಸಾಲು ಅರ್ಧ ದಿನ ಸುಮ್ಮನೆ ಕೂತಿತು. ಒಲೆ ಮೇಸ್ತ್ರಿ ಕೈಯಲ್ಲೊಂದು ಹಿಡಿ ಬಿಸ್ಕತ್ತು ಹಿಡಿದು ನುಗ್ಗಿ ಬಂದ.

"ಕಹಿ ಅಂತೆ ಕಹಿ! ಕಹಿ ಇರೋದು ಬಿಸ್ಕತ್ತಿನಲ್ಲಿ ಅಲ್ಲ ತಾಯಿ, ನಿನ್ನ ಬಾಯಲ್ಲಿ!"

ಪಾಪ, ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮರುದಿನ ದೊಡ್ಡಮ್ಮ ಊದಿದ ಕೆನ್ನೆ ಹೊತ್ತು ಬಂದಳು. ತೆಗೆದಿಟ್ಟಿದ್ದ ಸರಕನ್ನು ಇನ್ನೊಂದು ಕಡೆಯ ಹಲ್ಲಲ್ಲಿ ಕಚ್ಚಿ ನೋಡಿ, "ಚೆನ್ನಾಗಿದೆಯಲ್ಲೇ" ಅಂದಳು. ಕಿರುನಾಲಿಗೆ ಕಣ್ಣಲ್ಲಿ ನೀರು ತುಂಬಿಕೊಂಡು, "ದೊಡ್ಡಮ್ಮಾ, ರಾಜೀನಾಮೆ ಕೊಟ್ಟುಬಿಡ್ತೀನಿ. ಅವರು ಕಳಿಸೋಕ್ಮುಂಚೆ ನಾನೇ ಹೋದ್ರೆ ಮರ್ಯಾದೆ" ಅಂದಳು.

"ಎಷ್ಟು ತಿಂಗಳು?"

ಕಿರುನಾಲಿಗೆ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಅವಳನ್ನೇ ನೋಡಿದಳು.

"ಹಾಗೇನು ನೋಡ್ತೀಯ? ಮೂರು ವಾರದಿಂದ ನೀನು ರುಚಿ ನೋಡ್ತಿರೋದು ಬಿಸ್ಕತ್ತನ್ನಲ್ಲ, ನನ್ನ ಮುಖಾನ. ನಾನೇನು ಕುರುಡಿಯೇ?"

ಅಲ್ಲಿಗೆ ಕಟ್ಟೆ ಒಡೆಯಿತು. ಕಿರುನಾಲಿಗೆ ಎಲ್ಲವನ್ನೂ ಹೇಳಿ ಅತ್ತಳು. ದೊಡ್ಡಮ್ಮ ಸಮಾಧಾನ ಮಾಡಲಿಲ್ಲ, ಬೈದಳು. "ಹುಚ್ಚಿ! ಆ ಪ್ಯಾಕಿಂಗಿನವಳನ್ನ ಯಾರೂ ಕಳಿಸ್ಲಿಲ್ಲ ಕಣೆ. ಅವಳೂ ನಿನ್ನ ಹಾಗೇ ಹೆದರಿ, ತಾನೇ ರಾಜೀನಾಮೆ ಬಿಸಾಕಿ ಹೋದ್ಲು. ಸಂಬಳ ಸಮೇತ ರಜೆ ಕೊಡ್ಬೇಕು ಅಂತ ಕಾನೂನೇ ಇದೆ. ಬಸುರಿ ಅನ್ನೋ ಕಾರಣಕ್ಕೆ ತೆಗೆಯೋ ಹಾಗಿಲ್ಲ. ವಾಪಸು ಬಂದ್ರೆ ಇದೇ ಕೆಲಸ. ಆದ್ರೆ ರಾಜೀನಾಮೆ ಕೊಟ್ಟು ಹೋದವಳ ಹಿಂದೆ ಯಾವ ಕಾನೂನು ಓಡಿ ಬರುತ್ತೆ, ಹೇಳು? ಅಳೋ ಮಗೂಗೇ ಹಾಲು. ಇಲ್ಲಿ ಅಳ್ಬೇಡ, ಮ್ಯಾನೇಜರ್ ಮುಂದೆ ಹೋಗಿ ಬಾಯಿ ಬಿಡು."

ಹೀಗಂದವಳೇ ಅವಳ ಕೈ ಹಿಡಿದು ದರದರನೆ ಎಳೆದುಕೊಂಡೇ ಹೋದಳು. ಮ್ಯಾನೇಜರ್ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಮೊದಲೇ ಹೇಳಬಾರದಿತ್ತೇನಮ್ಮ? ಒಲೆಯಾದರೂ ಉರೀತಿತ್ತು" ಅಂದ. ಅಷ್ಟೇ. ಇಷ್ಟಕ್ಕಾಗಿ ಇವಳು ಮೂರು ವಾರ ನಿದ್ದೆಗೆಟ್ಟಿದ್ದಳಲ್ಲ! ಮೂವರೂ ಅಲ್ಲೇ ಕೂತು ಎಲ್ಲ ಗೊತ್ತುಮಾಡಿಕೊಂಡರು. ನಾಲಿಗೆ ನೆಟ್ಟಗಾಗುವವರೆಗೆ ತೂಕ ನೋಡುವ ಕಡೆ ಕೂತು ಮಾಡುವ ಕೆಲಸ. ರಜೆಯಲ್ಲಿ ಸ್ವಲ್ಪ ಹೆರಿಗೆಗೆ ಮುಂಚೆ, ಉಳಿದದ್ದೆಲ್ಲ ಆಮೇಲೆ. ವಾಪಸಾದ ಮೇಲೆ ಮಗುವನ್ನು ಅವಳ ತಾಯಿ ಮಧ್ಯಾಹ್ನ ಕರೆತಂದರೆ ಹಾಲು ಕುಡಿಸಲು ಬಿಡುವು, ಅದಕ್ಕೊಂದು ಕೋಣೆ. ಸುದ್ದಿ ತಿಳಿದ ಒಲೆ ಮೇಸ್ತ್ರಿ ಓಡಿ ಬಂದು, "ಕಹಿ ಅಂದಿದ್ದು ಒಳಗಿನ ಮರಿಯಂತೆ, ಸುಮ್ಸುಮ್ನೆ ನಿನ್ನ ಬೈದ್ನಲ್ಲವ್ವ" ಅಂತ ಪೇಚಾಡಿದ.

ರಜೆ ಬಂತು, ಹೆಣ್ಣು ಮಗು ಹುಟ್ಟಿತು. ತಿಂಗಳು ತಿಂಗಳು ಸಂಬಳ ಬಂದಾಗ ಅವಳು ಮನಸ್ಸಲ್ಲೇ ದೊಡ್ಡಮ್ಮನಿಗೆ ಕೈಮುಗಿಯುತ್ತಿದ್ದಳು. ಆದರೆ ಹೆದರಿದ ಜೀವ ಅಷ್ಟು ಸುಲಭಕ್ಕೆ ಧೈರ್ಯ ಕಲಿಯುತ್ತದೆಯೇ? ದೊಡ್ಡಮ್ಮನ ನಿವೃತ್ತಿಯ ದಿನ ಕಳೆದುಹೋಗಿತ್ತು. ರುಚಿಯ ಕೋಣೆಯಲ್ಲಿ ಈಗ ತನ್ನ ಪರವಾಗಿ ಯಾರಿದ್ದಾರೆ ಅನ್ನುವ ಚಿಂತೆ ಅವಳಿಗೆ ಹತ್ತಿಕೊಂಡಿತು. ಅಷ್ಟರಲ್ಲಿ, ರಜೆ ಮುಗಿಸಿ ಅಂದೇ ಕೆಲಸಕ್ಕೆ ಮರಳಿದ್ದ ಪ್ಯಾಕಿಂಗಿನ ಗೆಳತಿ ಫೋನು ಮಾಡಿದಳು. "ಕೋಣೆಗೆ ಹೊಸ ಹುಡುಗಿ ಬಂದಿದಾಳೆ ಕಣೆ. ಬಾಗಿಲಿಂದ ಬಗ್ಗಿ ನೋಡ್ದೆ, ನಿನ್ನ ಕುರ್ಚೀನೂ ಖಾಲಿ ಇಲ್ಲ, ಯಾರೋ ಬೆನ್ನು ಹಾಕಿ ಕೂತಿದ್ರು."

ಎರಡು ತಿಂಗಳ ರಜೆ ಇನ್ನೂ ಬಾಕಿಯಿತ್ತು. ಹಾಳಾಗಲಿ ರಜೆ, ಕುರ್ಚಿ ಹೋದರೆ? ಮರುದಿನ ಬೆಳಿಗ್ಗೆ ಮಗುವಿಗೆ ಹಾಲು ಕುಡಿಸಿ, ತಾಯಿಯ ಮಡಿಲಿಗೆ ಹಾಕಿ, ಹಿಂದೆ ತಿರುಗಿ ನೋಡದೆ ಬಸ್ಸು ಹತ್ತಿದಳು. ನೋಡಿದ್ದರೆ ಹತ್ತುತ್ತಿರಲಿಲ್ಲ.

ಕೋಣೆಯ ಬಾಗಿಲು ತಳ್ಳಿದಳು. ದೊಡ್ಡಮ್ಮನ ಕುರ್ಚಿಯಲ್ಲಿ ಹೊಸ ಹುಡುಗಿ. ತನ್ನ ಕುರ್ಚಿಯಲ್ಲಿ ಬಾಯಿ ತುಂಬ ಬಿಸ್ಕತ್ತಿಟ್ಟುಕೊಂಡು ಸಾಕ್ಷಾತ್ ದೊಡ್ಡಮ್ಮ!

"ಇದೇನೇ, ನೀನ್ಯಾಕೆ ಬಂದೆ?" ದೊಡ್ಡಮ್ಮ ಬಿಸ್ಕತ್ತು ಉಗಿದು ಕೇಳಿದಳು.

"ನೀವು... ನೀವು ನಿವೃತ್ತಿ ಆಗಿ ಮಗನ ಮನೆಗೆ ಹೋಗಿಲ್ವಾ?"

"ಹೋಗ್ತಿದ್ದೆ. ಈ ಹುಡುಗಿ ನನ್ನ ಜಾಗಕ್ಕೆ ಬಂದವಳು. ನಿನ್ನ ಜಾಗ ಖಾಲಿ ಇದ್ರೆ ಅಲ್ಲಿಗೂ ಒಬ್ಬಳನ್ನ ತರ್ತಾರೆ, ಆಮೇಲೆ ನೀನು ಬಂದು ನ್ಯಾಯ ಕೇಳ್ಬೇಕು. ಕಾನೂನೇನೋ ನಿನ್ನ ಕಡೆ ಇದೆ, ಆದ್ರೆ ಬಾಣಂತಿಗೆ ಯಾಕೆ ಜಗಳ? ಅದಕ್ಕೆ ಮ್ಯಾನೇಜರ್‌ಗೆ ಹೇಳ್ದೆ, ಅವಳು ಬರೋವರೆಗೂ ನಾನಿರ್ತೀನಿ ಅಂತ. ಬಸ್ಸಲ್ಲಿ ಸೀಟು ಹಿಡಿಯೋಕೆ ಕರ್ಚೀಫು ಹಾಕಲ್ವಾ? ನಾನೇ ಕರ್ಚೀಫು ಅಂದ್ಕೋ."

ಕಿರುನಾಲಿಗೆ ಬಗ್ಗಿ ಅವಳ ಕಾಲು ಹಿಡಿಯಲು ಹೋದಳು. ದೊಡ್ಡಮ್ಮ ಭುಜ ಹಿಡಿದು ಎತ್ತಿದಳು.

"ನನ್ನ ಕಾಲದಲ್ಲಿ ನಾನು ಹೆತ್ತ ಒಂದೂವರೆ ತಿಂಗಳಿಗೇ ಓಡಿ ಬಂದೆ. ರವಿಕೆ ಒದ್ದೆಯಾಗೋದು, ಕಕ್ಕಸಿಗೆ ಹೋಗಿ ಹಾಲು ಹಿಂಡಿ ಚೆಲ್ತಿದ್ದೆ. ನನ್ನ ಮಗ ಮೊದಲ ಸಲ ಬೋರಲು ಬಿದ್ದಿದ್ದನ್ನ ನೋಡಿದ್ದು ಪಕ್ಕದ ಮನೆಯವಳು. ಸಂಜೆ ಹೋದ್ಮೇಲೆ ಹೇಳಿದ್ಲು." ಅವಳು ಮತ್ತೆ ಗದರಿದಳು. "ಹಕ್ಕು ಇರೋದು ವಾಪಸು ಬರೋದಕ್ಕೆ ಅಷ್ಟೇ ಅಲ್ಲ ಕಣೆ, ಮನೇಲಿರೋದಕ್ಕೂ. ನಡಿ, ಮೊದಲು ಮನೆಗೆ ನಡಿ!"

ಬಸ್ಸಿನಲ್ಲಿ ಅವಳು ನಾಚಿಕೆ ಬಿಟ್ಟು ಅತ್ತಳು. ಹೆತ್ತ ತಾಯಿ ಒಬ್ಬಳಿದ್ದರೂ ದೇವರು ತನಗೆ ಇನ್ನೊಬ್ಬಳನ್ನು ಕೊಟ್ಟನಲ್ಲ ಅನ್ನಿಸಿ ಎದೆ ತುಂಬಿ ಬಂದಿತ್ತು. ಪಕ್ಕದಲ್ಲಿ ಕೂತವರು ಸಾವಿನ ಮನೆಗೆ ಹೊರಟಿದ್ದಾಳೆ ಅಂದುಕೊಂಡು ಕಿಟಕಿ ಸೀಟು ಬಿಟ್ಟುಕೊಟ್ಟರು.

ಆಮೇಲಿನ ವಾರ ಒಂದು ಮಧ್ಯಾಹ್ನ, ಎಲ್ಲರೂ ಕೆಲಸದಲ್ಲಿರುವ ಹೊತ್ತಿನಲ್ಲಿ, ಚಾಪೆಯ ಮೇಲೆ ಮಲಗಿದ್ದ ಮಗು ಮುಖ ಕೆಂಪಗೆ ಮಾಡಿಕೊಂಡು, ಮುಲುಕಿ, ಒಂದು ಕಾಲೆತ್ತಿ ಹಾಕಿ ದೊಪ್ಪನೆ ಬೋರಲು ಬಿತ್ತು. ತಲೆಯೆತ್ತಿ ಅಮ್ಮನನ್ನೇ ನೋಡಿತು. ಕಿರುನಾಲಿಗೆ ಕಾರ್ಖಾನೆಗೆ ಫೋನು ಹಚ್ಚಿ ದೊಡ್ಡಮ್ಮನನ್ನು ಕರೆಸಿದಳು.

"ದೊಡ್ಡಮ್ಮಾ, ಮಗು ಬೋರಲು ಬಿತ್ತು! ಈಗ, ನನ್ನ ಕಣ್ಣೆದುರಿಗೇ!"

ಆ ಕಡೆ ಒಲೆಯ ಸದ್ದಿನ ನಡುವೆ, ಇಡೀ ಕಾರ್ಖಾನೆ ಹೆದರುವ ಆ ಬಾಯಿಂದ ಮೆತ್ತಗಿನ ದನಿಯೊಂದು ಬಂತು.

"ಎಡಕ್ಕೋ, ಬಲಕ್ಕೋ? ಮೊದಲಿಂದ ಹೇಳೇ, ಒಂದೂ ಬಿಡದ ಹಾಗೆ ಹೇಳು."