ಕಲ್ಲು ಕರಗಿಸುವ ಹಕೀಮ

ಮರ್ಗಿಲಾನ್ ಪೇಟೆಯಲ್ಲಿ ಮೂತ್ರಪಿಂಡದ ಕಲ್ಲಿಗೆ ಸೊಪ್ಪು ಮಾರುತ್ತಿದ್ದ ಮಿರ್ಜಾಓಲಿಮ್ ಹಕೀಮನಿಗೇ ಮೂತ್ರಪಿಂಡದಲ್ಲಿ ಕಲ್ಲಾಯಿತು. ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ. ತನ್ನದೇ ಕಷಾಯವನ್ನು ಕೊಡಗಟ್ಟಲೆ ಕುಡಿದ. ಕಲ್ಲು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಮಗಳ ಮನೆಗೆಂದು ಸುಳ್ಳು ಹೇಳಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಪಕ್ಕದ ಊರಿನ ಆಸ್ಪತ್ರೆ ಸೇರಿದ.

ಡಾಕ್ಟರಮ್ಮ ಕಲ್ಲು ತೆಗೆದಳು. ಮೂತ್ರ ಸರಾಗವಾಗಿ ಇಳಿಯಲೆಂದು ಒಳಗೊಂದು ಸ್ಟೆಂಟ್, ಅಂದರೆ ಸಣ್ಣ ಮೆದು ಕೊಳವೆ, ಇಟ್ಟಳು.

"ತಿಂಗಳೊಳಗೆ ಬಂದು ತೆಗೆಸ್ಕೊಳ್ಳಿ ಅಕಾ," ಎಂದಳು, ಅಣ್ಣನನ್ನು ಕರೆಯುವಂತೆ. "ಹಾಗೇ ಬಿಟ್ರೆ ಅದರ ಮೇಲೆ ಕ್ರಿಮಿಗಳು ಮನೆ ಕಟ್ತವೆ."

ಹಕೀಮ ತಲೆಯಾಡಿಸಿದ. ಅವನ ಕಣ್ಣು ಬಟ್ಟಲಲ್ಲಿದ್ದ ಕಲ್ಲಿನ ಮೇಲಿತ್ತು.

ಮುಂದಿನ ವಾರ ಆ ಕಲ್ಲು ಅಂಗಡಿಯಲ್ಲಿ ಕೆಂಪು ಮಖಮಲ್ಲಿನ ಮೇಲೆ ಪವಡಿಸಿತ್ತು. "ನನ್ನ ಸೊಪ್ಪಿಗೆ ತಾನಾಗೇ ಉದುರಿದ್ದು!" ಎಂದು ಹಕೀಮ ಸಾರಿದ. ವ್ಯಾಪಾರ ಕುದುರಿತು. ಇನ್ನು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಹೇಗೆ? ಯಾರಾದರೂ ಕಂಡರೆ ಮರ್ಯಾದೆ ಮೂರು ಕಾಸಿಗೆ. ಡಾಕ್ಟರಮ್ಮ ಹೇಳಿದ ಗಡುವು ದಾಟಿ ತಿಂಗಳುಗಳೇ ಕಳೆದವು.

ಒಳಗಿನ ಕೊಳವೆಗೆ ಇದೆಲ್ಲ ಎಲ್ಲಿ ತಿಳಿಯಬೇಕು! ಗಳಿಗೆಗೊಮ್ಮೆ ಅವಸರ, ಹೋದರೆ ಉರಿ, ನಾಲ್ಕು ಹನಿ. ಹಕೀಮ ಹೂಜಿ ಹಿಡಿದು ಓಡುವುದನ್ನು ಕಂಡ ಪೇಟೆಯ ಮುದುಕರು, ನಮಾಜಿಗೆ ಎಷ್ಟು ಸಲ ಕೈಕಾಲು ತೊಳೆಯುತ್ತಾನಪ್ಪ ಈ ಪುಣ್ಯಾತ್ಮ ಎಂದು ಕೊಂಡಾಡಿದರು.

ಹೆಂಡತಿ ಸನೋಬರ್‌ಗೆ ಮಾತ್ರ ಸತ್ಯ ಗೊತ್ತಿತ್ತು. "ರಕ್ತ ಹೋಗ್ತಿದೆ, ಚಳಿಜ್ವರಕ್ಕೆ ಗಡಗಡ ನಡುಗ್ತೀರಿ. ಹೆಸರು ಉಳಿಸ್ಕೊಂಡು ಗೋರಿಗೆ ಹೋಗ್ತೀರೇನ್ರಿ?"

"ಮೆಲ್ಲಗೆ ಮಾತಾಡೇ, ಪಕ್ಕದ ಮನೆಯೋರಿಗೆ ಕೇಳ್ಸತ್ತೆ."

ಹೀಗಿರುವಾಗ ರೊಟ್ಟಿ ಸುಡುವ ಅಬ್ದುಮಲಿಕ್ ಅಂಗಡಿಗೆ ಬಂದ. ಹಗಲೆಲ್ಲ ತಂದೂರಿನ ಮುಂದೆ ಬೆವರಿ, ನೀರು ಕುಡಿಯದೆ ಕಲ್ಲು ಮಾಡಿಕೊಂಡವನು.

"ಹಕೀಮ್ ಅಕಾ, ಕಲ್ಲು ತೆಗೆದು ಒಳಗೇನೋ ಕೊಳವೆ ಇಟ್ಟಿದಾರೆ. ತೆಗೆಸ್ಕೊಳಕ್ಕೆ ಬಾ ಅಂತಾರೆ. ಹೋಗ್ಲಾ, ಇಲ್ಲ ನಿಮ್ಮ ಸೊಪ್ಪಿಗೇ ಕರಗತ್ತಾ?"

ಅಂಗಡಿಯ ತುಂಬ ಜನ. ಹಕೀಮನ ಪಕ್ಕೆಯಲ್ಲಿ ಚೂರಿ ಹಾಕಿದಂಥ ನೋವು.

"ಕಲ್ಲನ್ನೇ ಕರಗಿಸೋ ಸೊಪ್ಪಿಗೆ ಪ್ಲಾಸ್ಟಿಕ್ ಯಾವ ಲೆಕ್ಕನಯ್ಯಾ?"

ಜನ ಹೋ ಎಂದು ನಕ್ಕರು. ಅಬ್ದುಮಲಿಕ್ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡ. ಹಕೀಮನಿಗೆ ನಾಚಿಕೆಯಾಯಿತು. ಆದರೆ ಜನ ನಕ್ಕಿದ್ದು ಬಹಳ ಹಿತವಾಗಿತ್ತು.

ಕೆಲವೇ ದಿನಗಳಲ್ಲಿ ಅವನು ಜ್ವರಕ್ಕೆ ಜ್ಞಾನ ತಪ್ಪಿ ಬಿದ್ದ. ಸನೋಬರ್ ಮರ್ಯಾದೆಯನ್ನು ಮನೆಯಲ್ಲೇ ಬಿಟ್ಟು, ಗಂಡನನ್ನು ಮಾತ್ರ ಟ್ಯಾಕ್ಸಿಗೆ ಹಾಕಿಕೊಂಡು ಆಸ್ಪತ್ರೆಗೆ ಬಂದಳು. ಮೊದಲು ಸೋಂಕಿಗೆ ಮದ್ದು ಏರಿಸಿದರು. ಆಮೇಲೆ ತೆಗೆದ ಕೊಳವೆಯ ಮೈತುಂಬ ಸುಣ್ಣ ಕಟ್ಟಿತ್ತು.

"ಒಳಗೆಲ್ಲ ಉರಿಯೂತ, ಸೋಂಕು ರಕ್ತಕ್ಕೇ ಏರಿತ್ತು," ಎಂದಳು ಡಾಕ್ಟರಮ್ಮ. "ಇನ್ನೊಂದು ದಿನ ತಡ ಮಾಡಿದ್ರೆ ಊರೋರು ನಿಮ್ಮ ಹೆಸರಲ್ಲಿ ಸಾವಿನೂಟದ ಪಲಾವ್ ತಿಂತಿದ್ರು."

ಪೇಟೆಯಲ್ಲಿ ಮಾತ್ರ ಬೇರೆಯೇ ಸುದ್ದಿ ಹಬ್ಬಿತ್ತು. ಅದನ್ನು ಹೊತ್ತು ಅಬ್ದುಮಲಿಕ್ ವಾರ್ಡಿಗೆ ಬಂದ. ಮುಖ ಬಿಳಿಚಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು.

"ಡಾಕ್ಟ್ರುಗಳಿಗೇ ಪಾಠ ಹೇಳಕ್ಕೆ ಬಂದಿದೀರಂತೆ! ಜ್ವರ ಬಿಡ್ತಿಲ್ಲ ಅಕಾ. ಕೊಳವೆ ಇನ್ನೂ ಕರಗಿಲ್ಲ ಅನ್ಸತ್ತೆ. ಇನ್ನೊಂದು ಪೊಟ್ಟಣ ಕೊಡ್ತೀರಾ?"

ಹಕೀಮ ಹೊದಿಕೆ ಸರಿಸಿ, ಮಂಚಕ್ಕೆ ನೇತುಹಾಕಿದ್ದ ಕೆಂಪಗಿನ ಮೂತ್ರದ ಚೀಲ ತೋರಿಸಿದ.

"ಕರಗಲ್ಲ ಕಣೋ. ನೀನು ಕೇಳಿದ ದಿನ ನನ್ನೊಳಗೂ ಕೊಳವೆ ಇತ್ತು. ಗೊತ್ತಿದ್ದೇ ಸುಳ್ಳು ಹೇಳ್ದೆ." ಆಮೇಲೆ ವಾರ್ಡೇ ತಿರುಗಿ ನೋಡುವಂತೆ ಕೂಗಿದ: "ಡಾಕ್ಟ್ರಮ್ಮಾ, ಇವನನ್ನ ಮೊದಲು ನೋಡಿ!"

ಅಬ್ದುಮಲಿಕ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನೊಬ್ನೇ ಅಲ್ಲ ಅಕಾ," ಎಂದ ಮೆಲ್ಲಗೆ. "ಕೊಳವೆ ಇಟ್ಕೊಂಡೋರು ಇನ್ನೂ ಇದಾರೆ, ನಿಮ್ಮ ಮಾತು ನಂಬಿ ತೆಗೆಸ್ಕೊಂಡಿಲ್ಲ. ಪೊಟ್ಟಣ ಬೇಕು ಅಂತ ನನ್ಜೊತೆನೇ ಬಂದಿದಾರೆ. ಕೆಳಗೆ ಹಿಪ್ಪುನೇರಳೆ ಮರದ ಹತ್ರ ಕೂತಿದಾರೆ."

ಹಕೀಮ ಗೋಡೆ ಹಿಡಿದು ಎದ್ದ. ಚೀಲವನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಅವನನ್ನು ಕಂಡದ್ದೇ ಮರದ ಕೆಳಗಿನವರೆಲ್ಲ ಎದೆಗೆ ಕೈಯಿಟ್ಟು ಗೌರವದಿಂದ ಎದ್ದು ನಿಂತರು.