ಹಾಸಿಗೆ ಸಮೇತ

"ಒಂದು ಗಂಟೆ, ಅಷ್ಟೇ. ವ್ಯಾನು ಬರೋದ್ರೊಳಗೆ ಬಂದುಬಿಡ್ತೀನಿ," ಎನ್ನುತ್ತ ಮಗಳು ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು.

ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತರು. "ಹೆತ್ತ ತಾಯಿ ಮಂಚದ ಮೇಲೆ ತಣ್ಣಗೆ ಮಲಗಿದಾಳೆ, ನಿನಗೆ ಲ್ಯಾಬಿನ ಚಿಂತೆ. ನೋಡಿದವರು ಏನಂದಾರು?"

ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ ಅವಳು. ನೆಲ ನೋಡುತ್ತಲೇ ಹೇಳಿದಳು: "ಅಮ್ಮ ಪ್ಲೇಟು ಬದಲಿಸಿ ಇವತ್ತಿಗೆ ನಾಲ್ಕನೇ ದಿನ ಚಿಕ್ಕಮ್ಮ. ಹೊಸ ಪ್ಲೇಟಿಗೆ ದಾಟಿಸ್ದಿದ್ರೆ ಅಮ್ಮ ಬೆಳೆಸಿದ ಬ್ಯಾಕ್ಟೀರಿಯಾ ಎಲ್ಲ ಸಾಯುತ್ತೆ."

"ಹತ್ತೊಂಬತ್ತು ವರ್ಷದ್ದು," ಮೂಲೆಯ ಕುರ್ಚಿಯಲ್ಲಿದ್ದ ಲ್ಯಾಬಿನ ಸಾರ್ ಗಂಟಲು ಸರಿಮಾಡಿಕೊಂಡರು. "ನಾನೇ ಮಾಡ್ತಿದ್ದೆ. ಆದ್ರೆ ನನ್ನ ಕೈಯಲ್ಲಿ ಅವು ಬದುಕಲ್ಲ. ಎರಡು ಸಲ ಕೊಂದು, ನಿಮ್ಮಕ್ಕನ ಹತ್ರ ಬೈಸ್ಕೊಂಡಿದೀನಿ."

"ಇಷ್ಟು ಓದಿದೋರಿಗೆ ನಮ್ಮಕ್ಕ ಬೈತಿದ್ಲಾ?" ಅತ್ತು ಊದಿದ ಮುಖದಲ್ಲೂ ಚಿಕ್ಕಮ್ಮನ ಕಣ್ಣು ಅರಳಿತು. ಬಾಗಿಲು ಬಿಟ್ಟು ಸರಿದರು.

*

ಅಮ್ಮ ಲ್ಯಾಬಿಗೆ ಸೇರಿದ್ದು ಗಾಜಿನ ಸಾಮಾನು ತೊಳೆಯಲು. ಆಮೇಲೆ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಕಾಯಿಸಿ ತಟ್ಟೆಗೆ ಹೊಯ್ಯುವ ಕೆಲಸ ಅಂಟಿತು, ಅಗರಮ್ಮ ಎಂಬ ಹೆಸರೂ ಅಂಟಿತು. ಒಮ್ಮೆ ಪೆನಿಸಿಲಿನ್ ಹಾಕಿದ ತಟ್ಟೆಗಳನ್ನು ಸಾರ್ ಬಿಸಾಕಲು ಹೇಳಿದರು. ಅಮ್ಮ ಒಂದನ್ನು ಬೆಳಕಿಗೆ ಹಿಡಿದಳು.

"ಎಲ್ಲಾ ಸತ್ತಿದ್ರೆ, ಮೇಲೆ ಹೀಗೆ ಬೆವರು ಹನಿಸಿದಂಗೆ ಯಾಕಿದೆ ಸಾರ್?"

ಸೂಕ್ಷ್ಮದರ್ಶಕದಡಿ ನೋಡಿದರೆ ಹುರಿದ ಮೊಟ್ಟೆಯಂಥ ಪುಟಾಣಿ ಗುಂಪುಗಳು. ಪೆನಿಸಿಲಿನ್ ಅವಕ್ಕೆ ಮೈಸುತ್ತ ಗೋಡೆ ಕಟ್ಟಿಕೊಳ್ಳಲು ಬಿಟ್ಟಿರಲಿಲ್ಲ. ಅಗರಿನಲ್ಲಿದ್ದ ಸಕ್ಕರೆ ಅವನ್ನು ಉಬ್ಬಿ ಒಡೆಯಲೂ ಬಿಟ್ಟಿರಲಿಲ್ಲ. ಗೋಡೆಯಿಲ್ಲದೆಯೇ ಸಂಸಾರ ಹೂಡಿದ್ದವು. ಅಂದಿನಿಂದ ನಾಲ್ಕು ದಿನಕ್ಕೊಮ್ಮೆ, ಜ್ವರವಿರಲಿ ರಜೆಯಿರಲಿ, ಅಮ್ಮ ಅವನ್ನು ಹೊಸ ತಟ್ಟೆಗೆ ದಾಟಿಸುತ್ತ ಬಂದಳು.

ಮಗಳು ಓದು ಮುಗಿಸಿ ಅದೇ ಲ್ಯಾಬಿಗೆ ಬಂದಳು. ಹೋದ ತಿಂಗಳು ಅಮ್ಮ ಅವಳ ಕೈಗೆ ಒಂದು ತಟ್ಟೆ ಕೊಟ್ಟಾಗ, ಪುಸ್ತಕದಲ್ಲಿ ಕಲಿತಂತೆ ತಂತಿಯಿಂದ ಕೆರೆದು ಎತ್ತಿದಳು. ಆ ತಟ್ಟೆಯದು ಒಂದೂ ಉಳಿಯಲಿಲ್ಲ.

"ಗೋಡೆ ಇರೋವನ್ನ ಕೆರೀಬಹುದು ಕಣೇ. ಇವನ್ನ ಹಾಸಿಗೆ ಸಮೇತ ಎತ್ತಬೇಕು." ಅಮ್ಮ ಅಗರನ್ನೇ ಚೌಕವಾಗಿ ಕೊಯ್ದು, ಹೊಸ ತಟ್ಟೆಯ ಮೇಲೆ ಬೋರಲು ಹಾಕಿ ತೋರಿಸಿದಳು. "ಕೈ ನಡುಗಿದ್ರೂ ಪರವಾಗಿಲ್ಲ. ಅವಸರ ಮಾಡ್ಬೇಡ."

*

ಲ್ಯಾಬಿನಲ್ಲಿ ಅಮ್ಮ ಹೊಯ್ದಿಟ್ಟ ಹೊಸ ತಟ್ಟೆಗಳಲ್ಲಿ ಒಂದೇ ಒಂದು ಉಳಿದಿತ್ತು. ಮಗಳ ಕೈ ನಡುಗಿತು. ನಡುಗಲಿ ಎಂದುಕೊಂಡು ಕೊಯ್ದಳು, ಎತ್ತಿದಳು, ಬೋರಲು ಹಾಕಿದಳು.

ಜೊತೆಗೆ ಬಂದಿದ್ದ ಸಾರ್ ಸೂಕ್ಷ್ಮದರ್ಶಕಕ್ಕೆ ಬಗ್ಗಿ, ತಟ್ಟೆಯನ್ನು ಅಂಚಿನಿಂದ ಅಂಚಿಗೆ ಸರಿಸುತ್ತ ನೋಡಿದರು.

"ದುಂಡಗಿವೆ. ಒಡೆದಿಲ್ಲ," ಎಂದರು. "ಇನ್ಮೇಲೆ ನನಗೆ ಬೈಯೋ ಕೆಲಸಾನೂ ನಿಂದೇ ಕಣಮ್ಮ."

ತಟ್ಟೆಯ ಮೇಲೆ ತಾರೀಕು ಬರೆದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಅವಳು ಮನೆಗೆ ಓಡಿದಳು.

ವ್ಯಾನು ಬಂದಿತ್ತು. ನಾಲ್ವರು ಗಂಡಸರು ಅಮ್ಮನ ತೋಳಿಗೂ ಕಾಲಿಗೂ ಕೈ ಹಾಕಿದ್ದರು.

"ನಿಲ್ಲಿ."

ಬೀದಿಯಲ್ಲಿದ್ದವರೂ ತಿರುಗಿ ನೋಡಿದರು.

"ಹಾಗೆ ಎಳೀಬೇಡಿ. ಹಾಸಿಗೆ ಸಮೇತ ಎತ್ತಿ. ಅವಸರ ಬೇಡ."

"ನಮ್ಮಕ್ಕನ ಮಗಳು," ಎಂದರು ಚಿಕ್ಕಮ್ಮ, ಯಾರೂ ಕೇಳದಿದ್ದರೂ.

ನಾಲ್ವರೂ ನಾಲ್ಕು ಮೂಲೆ ಹಿಡಿದರು. ಅಮ್ಮ ಮಂಚದಿಂದ ಮೇಲೆ ಬಂದಳು, ಹೊದಿಕೆಯ ಒಂದು ಮಡಿಕೆಯೂ ಕದಲದಂತೆ.