ಕ್ಯಾಮೆರಾಗೊಂದು ಪ್ರದಕ್ಷಿಣೆ

ಇದು ನಡೆದದ್ದೇ. ನನ್ನ ಎರಡು ಕಣ್ಣಿನ ಆಣೆ. ಸಾಲದಿದ್ದರೆ ಕನ್ನಡಕವನ್ನೂ ಸೇರಿಸಿಕೊಳ್ಳಿ.

ಐರಿಷ್ ಕಡಲತೀರದ ಡನ್ ಲಿಯರಿಯ ಬಂದರಿನ ಬಳಿ, ಒಂದು ಕಂಬವಾಗಲಿ ಕುರ್ಚಿಯಾಗಲಿ ಇಲ್ಲದ ದೊಡ್ಡ ಹಾಲ್‌ನ ನೆಲದ ಮೇಲೆ ಹೇಮಚಂದ್ರ ಉಸಿರು ಬಿಗಿಹಿಡಿದು ಬೋರಲು ಮಲಗಿದ್ದ. ನಡುವೆ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಕ್ಯಾಮೆರಾ ತಿರುಗುತ್ತಿತ್ತು. ಸ್ವಲ್ಪ ತಿರುಗುವುದು, ನಿಲ್ಲುವುದು, ನೋಡುವುದು, ಮತ್ತೆ ತಿರುಗುವುದು. ಸುತ್ತು ಮುಗಿದರೆ ಹಾಲ್‌ಗೆ ಹಾಲೇ ಅಳತೆ ಸಮೇತ ಕಂಪ್ಯೂಟರ್‌ನೊಳಗೆ ಎದ್ದು ನಿಲ್ಲಬೇಕು. ನಿಂತಿತು. ಜೊತೆಗೆ ನೆಲದ ಮೇಲೆ ಒಂದು ಮೊಸಳೆಯಂಥದ್ದೂ ಮಲಗಿತ್ತು.

"ಏನಪ್ಪಾ, ಈ ಮೊಸಳೆಗೂ ಲಸಿಕೆ ಹಾಕ್ಬೇಕಾ?" ಎಂದ ಫೋನಿನಲ್ಲಿ ಬಾಸ್ ಡರ್ಮಟ್.

ಆ ಹಾಲ್ ಲಸಿಕೆ ಕೇಂದ್ರವಾಗಬೇಕಿತ್ತು. ಲಾಕ್‌ಡೌನ್‌ನಲ್ಲಿ ಆಸ್ಪತ್ರೆಯವರು ಬಂದು ನೋಡುವಂತಿಲ್ಲ. ಸ್ಕ್ಯಾನ್ ನೋಡಿಯೇ ಎಲ್ಲಿ ಯಾವ ಮೇಜು ಎಂದು ತೀರ್ಮಾನಿಸಬೇಕು. ಡರ್ಮಟ್‌ನ ಪುಟ್ಟ ಕಂಪನಿ ಎರಡು ಕ್ಯಾಮೆರಾ ಬಾಡಿಗೆಗೆ ತಂದಿತ್ತು. ಒಂದನ್ನು ಆರಿಸುವ ಹೊಣೆ ಹೇಮಚಂದ್ರನದು. ಚೆಂಡಿನಂಥ ಕ್ಯಾಮೆರಾ ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತಲೂ ನೋಡಿಬಿಡುತ್ತಿತ್ತು, ಆದರೆ ಅಳತೆಯಲ್ಲಿ ಒಂದಡಿ ಆಚೀಚೆ. ತಿರುಗುವ ಕ್ಯಾಮೆರಾದ ಅಳತೆ ಚಿನ್ನದಂಥದ್ದು, ಆದರೆ ಅದರ ಕಣ್ಣಿಂದ ಹೇಮಚಂದ್ರನಿಗೆ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ. ಹೊರಗೆ ನಿಂತು ಫೋನಿನಿಂದ ನಡೆಸೋಣವೆಂದರೆ ಕಲ್ಲುಗೋಡೆ ದಾಟಿ ಸಿಗ್ನಲ್ ಹೋಗದು.

"ಶುಕ್ರವಾರ ಮನುಷ್ಯರಿಲ್ಲದ ಹಾಲ್ ತೋರ್ಸು," ಎಂದ ಡರ್ಮಟ್. "ಇಲ್ಲಾಂದ್ರೆ ಕೆಲಸ ಬೇರೆಯವರಿಗೆ ಹೋಗುತ್ತೆ. ಆಮೇಲೆ ನಾನೂ ನೀನೂ ಸಮುದ್ರ ನೋಡ್ಕೊಂಡು ಕೂರೋದೇ."

ಡರ್ಮಟ್ ಸಮುದ್ರ ನೋಡಿಕೊಂಡು ಕೂರಬಹುದು. ಹೇಮಚಂದ್ರನ ವರ್ಕ್ ಪರ್ಮಿಟ್ ಅದೇ ಕಂಪನಿಗೆ ಗಂಟು ಬಿದ್ದಿತ್ತು.

ಅಭ್ಯಾಸಕ್ಕೆಂದು ಅವನು ಕ್ಯಾಮೆರಾವನ್ನು ಕ್ಯಾಸಲ್‌ನಾಕ್‌ನ ಮನೆಗೇ ತಂದ. ಮೊಮ್ಮಗಳು ಅದಿತಿಯ ಹುಟ್ಟುಹಬ್ಬಕ್ಕೆ ಬಂದು, ವಿಮಾನ ನಿಂತು ಅಲ್ಲೇ ಉಳಿದುಬಿಟ್ಟಿದ್ದ ಅತ್ತೆ ನಾಗಮಣಿ ಕುಂಕುಮದ ಬಟ್ಟಲು ಹಿಡಿದೇ ಎದುರುಗೊಂಡರು.

"ಹೊಸ ಮಿಷನ್ನು ಮನೆಗೆ ಬಂದೈತೆ, ಪೂಜೆ ಬೇಡ್ವಾ ಅಳಿಯಂದ್ರೇ?"

"ಅತ್ತೆ, ಅದು ಬಾಡಿಗೇದು."

"ಬಾಡಿಗೆ ಆಟೋಗೆ ಆಯುಧಪೂಜೆ ಮಾಡಲ್ವಾ?"

"ಅಯ್ಯೋ, ಗಾಜು ಮುಟ್ಬೇಡಿ! ಇಡ್ಲೇಬೇಕು ಅಂದ್ರೆ ಬೆನ್ನಿಗಿಡಿ."

ಅತ್ತೆ ಹಿಂದೆ ಹೋಗಿ ಕ್ಯಾಮೆರಾದ ಬೆನ್ನಿಗೆ ಬೊಟ್ಟಿಟ್ಟರು. ಅಷ್ಟರಲ್ಲಿ ಹೇಮಚಂದ್ರ ಸೋಫಾದ ಹಿಂದೆ ಕುಕ್ಕರಗಾಲಲ್ಲಿ ಕೂತು ಫೋನಿನಲ್ಲಿ ಬಟನ್ ಒತ್ತಿಬಿಟ್ಟಿದ್ದ. ಕ್ಯಾಮೆರಾ ತಿರುಗಿತು. ಅತ್ತೆಯೂ ಕೈಮುಗಿದು ಸುತ್ತತೊಡಗಿದರು.

"ಈ ಕಡೆ ಬನ್ನಿ ಅತ್ತೆ! ಕಾಣಿಸ್ಕೋತೀರ!"

"ಶುರು ಮಾಡಿದ್ ಪ್ರದಕ್ಷಿಣೆ ಅರ್ಧಕ್ಕೆ ಬಿಡ್ತಾರಾ? ಸುಮ್ನಿರಿ."

ಮಂಡಿನೋವಿನ ಕಾಲು. ಒಂದು ಹೆಜ್ಜೆ, ಒಂದು ಉಸ್ಸಪ್ಪಾ, ಮತ್ತೊಂದು ಹೆಜ್ಜೆ. ಕ್ಯಾಮೆರಾದ್ದೂ ಅದೇ ನಡಿಗೆ.

ಸುತ್ತು ಮುಗಿಯಿತು. ಟ್ಯಾಬ್ಲೆಟ್ ನೋಡುತ್ತಿದ್ದ ಅದಿತಿ ಕಿಸಕ್ಕನೆ ನಕ್ಕಳು. "ಡ್ಯಾಡ್, ಯುವರ್ ಬಾಲ್ಡ್ ಪ್ಯಾಚ್ ಈಸ್ ಇನ್ ಇಟ್! ಬಟ್ ವೇರ್ಸ್ ಅಜ್ಜಿ?"

ಸೋಫಾದ ಮೇಲೆ ಹುಣ್ಣಿಮೆ ಚಂದ್ರನಂತೆ ಅವನ ಬೋಳುತಲೆ ಎದ್ದಿತ್ತು. ಕೋಣೆಯ ನಡುವೆಯೇ ಸುತ್ತಿದ್ದ ಅತ್ತೆಯ ಸೆರಗಿನ ಚುಂಗೂ ಇರಲಿಲ್ಲ. ಕ್ಯಾಮೆರಾ ಮುಖ ತಿರುಗಿಸಿದಷ್ಟೂ ಅವರು ಅದರ ಬೆನ್ನಿಗೇ ಇದ್ದರು.

ಹೇಮಚಂದ್ರ ಜಿಗಿದೆದ್ದ. ಮತ್ತೆ ಬಟನ್ ಒತ್ತಿ ತಾನೂ ಸುತ್ತಿದ, ಎಡಗೈ ಕ್ಯಾಮೆರಾದ ಕಡೆ ಮಾಡಿ. ಎರಡೇ ಹೆಜ್ಜೆಗೆ ಕ್ಯಾಮೆರಾ ಮುಖಾಮುಖಿಯಾಯಿತು.

"ಅಪ್ರದಕ್ಷಿಣೆ!" ಅತ್ತೆ ಚೀರಿದರು. "ಬಲಗೈ ದೇವರ ಕಡೆ ಇರ್ಬೇಕು! ಓಡ್ಬೇಡಿ, ದೇವರಿಗಿಂತ ಮುಂಚೆ ಎಲ್ಲಿಗ್ ಹೋಗ್ತೀರ?"

ಆ ಸಂಜೆಯೆಲ್ಲ ಮನೆಯಲ್ಲಿ ಬರೀ ಪ್ರದಕ್ಷಿಣೆ. ಅವನು ಆತುರಪಟ್ಟಾಗಲೆಲ್ಲ ಅತ್ತೆ ಹಿಂದಿನಿಂದ ಅಂಗಿ ಎಳೆಯುತ್ತಿದ್ದರು.

ಶುಕ್ರವಾರ ಡರ್ಮಟ್ ತಾನೇ ಮಾಸ್ಕ್ ಹಾಕಿಕೊಂಡು ಹಾಲ್‌ಗೆ ಬಂದ. ಮುಖದಲ್ಲಿ ನಗು ಇರಲಿಲ್ಲ. ಹೇಮಚಂದ್ರ ಅವನನ್ನೂ ಕ್ಯಾಮೆರಾದ ಬೆನ್ನ ಹಿಂದೆ ನಿಲ್ಲಿಸಿ ಬಟನ್ ಒತ್ತಿದ. ಡರ್ಮಟ್ ಎಡಗೈ ಕ್ಯಾಮೆರಾದ ಕಡೆ ಮಾಡಿ ಉಲ್ಟಾ ಹೊರಟ.

"ರೈಟ್ ಹ್ಯಾಂಡ್, ಡರ್ಮಟ್! ರೈಟ್ ಹ್ಯಾಂಡ್ ಟು ದ ಗಾಡ್!" ಬಾಯಿ ತಪ್ಪಿ ಬಂದುಬಿಟ್ಟಿತು.

ಡರ್ಮಟ್ ಗಕ್ಕನೆ ನಿಂತ. ಅಭ್ಯಾಸಬಲದಿಂದ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಆಮೇಲೆ ಬಲಗೈ ಕ್ಯಾಮೆರಾದ ಕಡೆ ಬರುವಂತೆ ತಿರುಗಿ, ಚರ್ಚ್‌ನಲ್ಲಿ ನಡೆಯುವವನಂತೆ ತಲೆ ತಗ್ಗಿಸಿ ಹೆಜ್ಜೆ ಹಾಕಿದ. ಖಾಲಿ ಹಾಲ್‌ನಲ್ಲಿ ಇಬ್ಬರು ಗಂಡಸರು ಕ್ಯಾಮೆರಾದ ಬೆನ್ನಿಗೆ ಅಂಟಿಕೊಂಡು ಸುತ್ತು ಬಂದರು.

ಪರದೆಯ ಮೇಲೆ ಹಾಲ್ ಎದ್ದು ನಿಂತಿತು. ಗೋಡೆ, ಕಿಟಕಿ, ಹಲಗೆನೆಲದ ಮೇಲೆ ಚೌಕಚೌಕವಾಗಿ ಬಿದ್ದ ಕಡಲ ಕಡೆಯ ಬಿಸಿಲು. ಒಂದು ನರಪಿಳ್ಳೆಯೂ ಇರಲಿಲ್ಲ.

"ಗ್ರ್ಯಾಂಡ್," ಎಂದ ಡರ್ಮಟ್ ಮೆಲ್ಲಗೆ. "ಈ ಕ್ಯಾಮೆರಾನೇ ಇರ್ಲಿ."

ಸರಿ, ಈಗ ಎದ್ದು ಕಾಫಿಗೆ ನೀರಿಡಿ. ಕಥೆ ನಿಜ ಅನ್ನಿಸಿದರೆ ನನಗೆ ಒಂದು ಲೋಟ ಸಾಕು. ಸುಳ್ಳು ಅನ್ನಿಸಿದರೆ ಎರಡು ಕೊಡಿ. ಸುಳ್ಳು ಹೇಳುವುದಕ್ಕೆ ಗಂಟಲು ಜಾಸ್ತಿ ಒಣಗುತ್ತದೆ.